ಕೃಷ್ಣಾ–ಭೀಮಾ ಸೀಮೆಯ ನೆಲ: ಕಂಪನ, ಕೆರೆ, ಕಾಲುವೆಗಳ ಚರಿತ್ರೆ

ಶಹಾಪುರ ಮತ್ತು ಸುರಪುರ ಸೀಮೆಗಳು ಕೃಷ್ಣಾ, ಭೀಮಾ ನದಿಗಳ ನಡುವೆ ಹಬ್ಬಿವೆ. ಯಾದಗಿರಿ ಪಟ್ಟಣ ಭೀಮೆಯ ಆಚೆ ದಂಡೆಯಲ್ಲಿದೆ. 2009ರ ಡಿಸೆಂಬರ್‌ನಲ್ಲಿ ಗುಲ್ಬರ್ಗಾದಿಂದ ಬೇರೆಯಾಗಿ ಯಾದಗಿರಿ ಜಿಲ್ಲೆ ಆದಾಗ ಅದರೊಳಗಿದ್ದದ್ದು ಈ ಮೂರು ತಾಲೂಕುಗಳೇ. ಜಿಲ್ಲೆ ಹೊಸದು, ನೆಲ ಮಾತ್ರ ಭೂಮಿಯ ಅತಿ ಹಳೆಯ ತುಣುಕುಗಳಲ್ಲಿ ಒಂದು. ಯಾದಗಿರಿ ಕೋಟೆ ಕುಳಿತಿರುವ ಗುಡ್ಡ, ಮಲಗಿದ ಬುದ್ಧನೆಂದು ಜನ ಗುರುತಿಸುವ ಶಹಾಪುರದ ಬೆಟ್ಟಸಾಲು, ಸುರಪುರದ ಬಂಡೆಗಳು ಇವೆಲ್ಲ 250 ಕೋಟಿ ವರ್ಷಗಳಷ್ಟು ಹಿಂದಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳು. ಅವುಗಳ ಮೇಲೆ ಉತ್ತರದ ಕಡೆಗೆ ಭೀಮಾ ಕೊಳ್ಳದ ಸುಣ್ಣಕಲ್ಲು, ಜೇಡಿಗಲ್ಲಿನ ಪದರಗಳು ಕೂತಿವೆ. ಮನೆಗಳ ನೆಲಕ್ಕೆ ಹಾಸುವ ಶಹಾಬಾದ ಕಲ್ಲು ಇದೇ ಪದರದ್ದು. ಅದಕ್ಕೂ ಮೇಲೆ ವಾಯವ್ಯದಲ್ಲಿ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನ್ ಲಾವಾದ ಅಂಚು ಬಂದು ಮುಗಿಯುತ್ತದೆ. ಈ ಮೂರು ಬಗೆಯ ಕಲ್ಲುಗಳ ಮೇಲೆ ಎರೆ, ಮಸಾರಿ, ಗರಸು. ಹೊಳೆ ಹಳ್ಳಗಳ ಪಕ್ಕದಲ್ಲಿ ಉಸುಕು ಮತ್ತು ಮೆಕ್ಕಲು.

ಭೂಕಂಪದಲ್ಲಿ ಒಂದು ಊರಿಗೆ ಏನಾಗುತ್ತದೆ ಎನ್ನುವುದು ಬಹಳ ಮಟ್ಟಿಗೆ ಈ ಮೇಲ್ಪದರದ ಮೇಲೆಯೇ ನಿಂತಿದೆ. ನೀರು ತುಂಬಿದ ಸಡಿಲ ಉಸುಕು ಅಲುಗಿದಾಗ ಅದರ ಕಣಗಳು ಒತ್ತೊತ್ತಾಗಿ ಕೂರಲು ಹವಣಿಸುತ್ತವೆ. ನಡುವಿನ ನೀರಿಗೆ ಹೊರಗೆ ಹೋಗಲು ಸಮಯ ಸಿಗುವುದಿಲ್ಲ. ಅದುವರೆಗೆ ಕಣದಿಂದ ಕಣಕ್ಕೆ ಇಳಿಯುತ್ತಿದ್ದ ಭಾರ ನೀರಿನ ಮೇಲೆ ಬೀಳುತ್ತದೆ, ನೀರಿನ ಒತ್ತಡ ಏರುತ್ತದೆ, ಕಣಗಳ ಹಿಡಿತ ಬಿಡುತ್ತದೆ. ಬೇಸಿಗೆಯಲ್ಲಿ ಕೃಷ್ಣೆಯ ಅಂಚಿನ ಒದ್ದೆ ಉಸುಕಿನ ಮೇಲೆ ನಿಂತು ಬಿಡದೆ ಕಾಲು ಕುಟ್ಟಿದರೆ ನೀರು ಮೇಲೆದ್ದು ಪಾದ ಇಳಿಯುತ್ತದಲ್ಲ, ಭೂಕಂಪದಲ್ಲಿ ಇಡೀ ಬಯಲಿಗೆ ಆಗುವುದು ಅದೇ. ಇದನ್ನು ಮಣ್ಣಿನ ದ್ರವೀಕರಣ ಎನ್ನುತ್ತಾರೆ. ಕಟ್ಟಡ ವಾಲುತ್ತದೆ, ಹೊಳೆಯ ದಂಡೆ ಹೊಳೆಯ ಕಡೆಗೆ ಜರುಗುತ್ತದೆ, ಏರಿ ಕುಸಿಯುತ್ತದೆ, ನೆಲದ ಬಿರುಕುಗಳಿಂದ ಉಸುಕು ಬೆರೆತ ನೀರು ಬುಗ್ಗೆಯಾಗಿ ಚಿಮ್ಮುತ್ತದೆ.

ಕೃಷ್ಣಾ–ಭೀಮಾ ಸೀಮೆಯಲ್ಲಿ ಮನುಷ್ಯರ ವಾಸದ ಚರಿತ್ರೆ ಬಹಳ ದೀರ್ಘವಾದದ್ದು. ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ದಶಕಗಳ ಕಾಲ ನಡೆಸಿದ ಶೋಧದಿಂದ ಆದಿ ಶಿಲಾಯುಗದ ನೆಲೆಗಳು ಹೊರಬಂದವು. ಇಸಾಂಪುರದಲ್ಲಿ ಆ ಕಾಲದ ಜನ ಸುಣ್ಣಕಲ್ಲಿನ ಹಾಸುಗಳನ್ನೇ ಒಡೆದು ಕೈಗೊಡಲಿ ಮಾಡಿಕೊಂಡಿದ್ದರು. ಆ ನೆಲೆಗೆ ಸುಮಾರು ಹನ್ನೆರಡು ಲಕ್ಷ ವರ್ಷಗಳ ಪ್ರಾಯ ಹೇಳಲಾಗಿದೆ. ಬೂದಿಹಾಳದ ಬೂದಿದಿಬ್ಬ ನವಶಿಲಾಯುಗದ ದನಗಾಹಿಗಳದು. ಹುಣಸಗಿ ಕಣಿವೆಗೆ ಜನ ಬಂದು ನೆಲೆಸಲು ಸುಣ್ಣಕಲ್ಲು, ಜೇಡಿಗಲ್ಲುಗಳ ಸಂದಿನಿಂದ ಜಿನುಗುವ ಊಟೆಗಳೂ ಕಾರಣ. ಕಲ್ಲು ಮೇಲೇ ಇದ್ದು, ಮಣ್ಣಿನ ಪದರ ತೆಳುವಾಗಿದ್ದು, ನೀರು ಅಲ್ಲಲ್ಲಿ ಮಾತ್ರ ಸಿಗುವ ನೆಲ ಇದು. ಗಂಗಾ ಬಯಲಿನಂತೆ ನೂರಾರು ಮೀಟರ್ ದಪ್ಪದ ಉಸುಕು ಇಲ್ಲಿಲ್ಲ. ದ್ರವೀಕರಣದ ಮಟ್ಟಿಗೆ ಈ ಸೀಮೆಗೆ ಪ್ರಕೃತಿ ಕೊಟ್ಟ ಮೊದಲ ರಕ್ಷಣೆ ಅದೇ.

ಎರಡನೆಯ ರಕ್ಷಣೆ ಎರೆಮಣ್ಣು. ಎರೆಯ ಕಣಗಳು ಉಸುಕಿನ ಕಣಗಳಂತೆ ಬಿಡಿಬಿಡಿಯಾಗಿರುವುದಿಲ್ಲ. ಅತಿ ಸಣ್ಣ ಜೇಡಿ ಹಲ್ಲೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅಲುಗಾಟದಿಂದ ಈ ಅಂಟು ಸುಲಭವಾಗಿ ಬಿಡುವುದಿಲ್ಲ. 1975ರ ಹೈಚೆಂಗ್, 1976ರ ತಾಂಗ್‌ಶಾನ್ ಭೂಕಂಪಗಳ ನಂತರ ಚೀನಾದ ಎಂಜಿನಿಯರುಗಳು ಹಾಕಿಕೊಟ್ಟ ಅಳತೆಗೋಲಿನ ಪ್ರಕಾರ ಜೇಡಿಯ ಪಾಲು ಶೇ. 15ನ್ನು ಮೀರಿದ, ದ್ರವ ಮಿತಿ (ಮಣ್ಣು ದ್ರವದಂತೆ ಹರಿಯತೊಡಗುವ ನೀರಿನಂಶ) ಶೇ. 35ಕ್ಕಿಂತ ಹೆಚ್ಚಿರುವ ಮಣ್ಣು ದ್ರವೀಕರಣಕ್ಕೆ ಸಿಗುವುದು ಕಷ್ಟ. ಎರೆಮಣ್ಣು ಎರಡೂ ಅಳತೆಗಳನ್ನು ಬಹು ದೂರಕ್ಕೆ ದಾಟುತ್ತದೆ. ಆದರೆ ಅದು ನಿಂತಲ್ಲಿ ನಿಲ್ಲುವ ಮಣ್ಣೂ ಅಲ್ಲ. ಮಳೆಗೆ ಊದುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಾಯಿ ಬಿಡುತ್ತದೆ, ಭೂಕಂಪವೇ ಇಲ್ಲದೆ ಗೋಡೆ ಸೀಳುತ್ತದೆ. ಈ ಸೀಮೆಯ ಜನ ತಲೆತಲಾಂತರದಿಂದ ಕಂಡ ನೆಲದ ಚಲನೆ ಇದೇ. ಊರುಗಳು ಸಾಧ್ಯವಾದಲ್ಲೆಲ್ಲ ಬಂಡೆಯ ಮೇಲೋ ಗರಸಿನ ದಿಬ್ಬದ ಮೇಲೋ ಕೂತಿದ್ದು, ಎರೆ ಹೊಲಗಳು ಊರ ಕೆಳಗೆ ಉಳಿದದ್ದು ಸುಮ್ಮನೆ ಅಲ್ಲ.

ಸುರಪುರದ ಬೇಡ ನಾಯಕರ ಕಾಲದಲ್ಲಿ ಈ ನೆಲದ ಮೇಲೆ ಮನುಷ್ಯ ಕಟ್ಟಿದ ಮಣ್ಣಿನ ಚರಿತ್ರೆ ಸ್ಪಷ್ಟವಾಗಿ ಕಾಣತೊಡಗುತ್ತದೆ. 1705ರಲ್ಲಿ ಔರಂಗಜೇಬ ತನ್ನ ಕೊನೆಯ ದಂಡಯಾತ್ರೆಯಲ್ಲಿ ಮುತ್ತಿದ ವಾಗಿನಗೇರಾ ಕೋಟೆ ಇವರದೇ. ಕೋಟೆಗೆ ಬಂಡೆ ಆಧಾರವಾದರೆ ಬೇಸಾಯಕ್ಕೆ ಕೆರೆ ಆಧಾರ. ಸುರಪುರದ ಹತ್ತಿರದ ಬೋನಾಳ ಕೆರೆ ಹದಿನೇಳನೆಯ ಶತಮಾನದಲ್ಲಿ ನಾಯಕರ ಕಾಲದಲ್ಲಿ ಆಯಿತು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಅದನ್ನು ದೊಡ್ಡದು ಮಾಡಿಸಿದ. ಇಂದು ಅದು ಪಕ್ಷಿಧಾಮ. ಇಂಥ ಕೆರೆಗಳ ಏರಿ ಕಟ್ಟುವುದು ಮಣ್ಣುವಡ್ಡರ ಕಸುಬು. ಒಂದೊಂದೇ ಪದರ ಮಣ್ಣು ಹಾಕಿ, ನೀರು ಚಿಮುಕಿಸಿ, ದನಕರು ಓಡಾಡಿಸಿ ತುಳಿಸಿ, ನೀರಿನ ಕಡೆಗೆ ಕಲ್ಲು ಹೊದಿಸುವುದು ದಕ್ಷಿಣ ಭಾರತದ ಕೆರೆಗಳಲ್ಲಿ ಬಳಕೆಯಲ್ಲಿದ್ದ ಪದ್ಧತಿ. ಮಣ್ಣನ್ನು ತುಳಿಸಿ ಬಿಗಿ ಮಾಡುವುದು, ಏರಿಯ ಬುಡದಲ್ಲಿ ನೀರು ಜಿನುಗದಂತೆ ನೋಡಿಕೊಳ್ಳುವುದು: ಇಂದಿನ ಭೂಕಂಪ ಎಂಜಿನಿಯರಿಂಗ್ ಒಂದು ಮಣ್ಣಿನ ಕಟ್ಟೆಗೆ ಮೊದಲು ಕೇಳುವುದು ಈ ಎರಡನ್ನೇ. ಆ ಕಸುಬಿನವರಿಗೆ ಸಲ್ಲಬೇಕಾದ ಮರ್ಯಾದೆ ಇತಿಹಾಸದ ಪುಸ್ತಕಗಳಲ್ಲಿ ಇನ್ನೂ ಸಂದಿಲ್ಲ.

ಟೇಲರ್ ಸುರಪುರದಲ್ಲಿದ್ದ ಕಾಲಕ್ಕೇ, 1843ರ ಏಪ್ರಿಲ್ 1ರಂದು, ಬಳ್ಳಾರಿ ಸೀಮೆಯನ್ನು ನಡುವಾಗಿಟ್ಟುಕೊಂಡು ದಖ್ಖನಿನಲ್ಲಿ ಒಂದು ಭೂಕಂಪ ಆಯಿತು. ಸೊಲ್ಲಾಪುರ, ಬೆಳಗಾವಿ, ಕರ್ನೂಲುಗಳವರೆಗೆ ಅದರ ಅನುಭವ ಆದದ್ದು ಭಾರತದ ಹಳೆಯ ಭೂಕಂಪಗಳ ಪಟ್ಟಿಗಳಲ್ಲಿ ದಾಖಲಾಗಿದೆ. ಈ ಊರುಗಳನ್ನು ಗೆರೆ ಎಳೆದು ಜೋಡಿಸಿದರೆ ಸುರಪುರ ಒಳಗೇ ಬೀಳುತ್ತದೆ. ದಖ್ಖನಿನ ಗಟ್ಟಿ ಶಿಲೆಯಲ್ಲಿ ಕಂಪನ ದೂರದವರೆಗೆ ಹರಿಯುತ್ತದೆ. ಆದರೆ ದೊಡ್ಡ ಕಂಪನಗಳ ನಡುವಿನ ಅಂತರ ತಲೆಮಾರುಗಳದ್ದು. ಹಾಗಾಗಿ ಇಲ್ಲಿ ನೆನಪು ಉಳಿಯುವುದಿಲ್ಲ, ನೆನಪಿಲ್ಲದ್ದರಿಂದ ಭಯವೂ ಇರುವುದಿಲ್ಲ.

ಅದೇ ಶತಮಾನದಲ್ಲಿ, ಮುಂದಿನದರಲ್ಲೂ ದೇಶದ ಬೇರೆ ಮೂಲೆಗಳಲ್ಲಿ ನೆಲ ಏರಿಳಿದ, ದ್ರವವಾದ ಸಂಗತಿಗಳು ಬರಹಕ್ಕೆ ಬಂದವು. 1819ರ ಜೂನ್ 16ರ ಕಚ್ ಭೂಕಂಪದಲ್ಲಿ ರಣದ ನಡುವೆ ಸುಮಾರು 90 ಕಿ.ಮೀ. ಉದ್ದದ ದಿಬ್ಬ ಎದ್ದಿತು, ಜನ ಅದನ್ನು ಅಲ್ಲಾ ಬಂದ್ ಎಂದು ಕರೆದರು. ಸಿಂಧ್ರಿ ಕೋಟೆ ನೀರಲ್ಲಿ ಮುಳುಗಿತು. 1897ರ ಅಸ್ಸಾಂ ಭೂಕಂಪದ ಉಸುಕಿನ ಬುಗ್ಗೆಗಳನ್ನು ಆರ್. ಡಿ. ಓಲ್ಡ್‌ಹ್ಯಾಮ್ ವಿವರವಾಗಿ ಬರೆದಿಟ್ಟ. 1934ರ ಜನವರಿ 15ರ ಬಿಹಾರ–ನೇಪಾಳ ಭೂಕಂಪದಲ್ಲಿ ಸುಮಾರು 300 ಕಿ.ಮೀ. ಉದ್ದದ ಪಟ್ಟಿಯಲ್ಲಿ ಮನೆಗಳು ವಾಲಿದವು, ಬಾವಿಗಳು ಉಸುಕಿನಿಂದ ತುಂಬಿದವು, ಹೊಲಗಳ ಮೇಲೆ ಉಸುಕು ಹರಡಿತು. ಇವು ಬಗೆಬಗೆಯ ವಿವರಗಳು. ಕಾರಣವನ್ನು ಲೆಕ್ಕಕ್ಕೆ ಇಳಿಸುವ ಸಾಧನ ಆಗ ಇನ್ನೂ ಕೂಡಿಬಂದಿರಲಿಲ್ಲ.

ಆ ಸಾಧನದ ಮೊದಲ ತುಂಡು ಕೊಟ್ಟವನು ಕಾರ್ಲ್ ಟೆರ್ಜಾಗಿ. ಮಣ್ಣಿನ ಬಲ ಅದರ ಮೇಲಿನ ಒಟ್ಟು ಭಾರದ್ದಲ್ಲ, ಆ ಭಾರದಿಂದ ನೀರಿನ ಒತ್ತಡ ಕಳೆದು ಉಳಿದದ್ದರ ಬಲ ಎಂದು ಅವನು 1920ರ ದಶಕದಲ್ಲಿ ತೋರಿಸಿದ. 1936ರಲ್ಲಿ ಆರ್ಥರ್ ಕಾಸಾಗ್ರಾಂಡೆ ಒಂದು ಮಿತಿಗಿಂತ ಸಡಿಲವಿರುವ ಉಸುಕು ಜರುಗುವಾಗ ಕುಗ್ಗುತ್ತದೆ, ಬಿಗಿಯಿರುವುದು ಹಿಗ್ಗುತ್ತದೆ ಎಂದು ತೋರಿಸಿದ. ಕುಗ್ಗುವ ಉಸುಕಿನಲ್ಲಿಯೇ ಅಪಾಯ. ಆಮೇಲೆ ಬಂದದ್ದು 1964. ಆ ವರ್ಷ ಮೇ 22ರಂದು ಲಾಲ್ ಬಹಾದುರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಇಪ್ಪತ್ತೈದು ದಿನಕ್ಕೆ, ಜೂನ್ 16ರಂದು, ಜಪಾನಿನ ನೀಗಾಟಾದಲ್ಲಿ ಭೂಕಂಪ ಆಗಿ ಕಾವಾಗಿಶಿಚೋ ಬಡಾವಣೆಯ ವಸತಿ ಕಟ್ಟಡಗಳು ಗೋಡೆ ಬಿರಿಯದೆ, ಗಾಜು ಒಡೆಯದೆ, ಇಡಿಯಾಗಿ ಮಗ್ಗುಲಿಗೆ ಮಲಗಿದವು. ಕಟ್ಟಡದಲ್ಲಿ ದೋಷ ಇರಲಿಲ್ಲ, ನೆಲದಲ್ಲಿತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಅಲಾಸ್ಕಾದಲ್ಲೂ ದಂಡೆಗಳು ಜರುಗಿದ್ದವು. ದ್ರವೀಕರಣ ಒಂದು ಅಧ್ಯಯನ ವಿಷಯವಾದದ್ದು ಈ ಎರಡು ಘಟನೆಗಳಿಂದ.

ಕ್ಯಾಲಿಫೋರ್ನಿಯಾದ ಹ್ಯಾರಿ ಸೀಡ್ ಮತ್ತು ಐ. ಎಂ. ಇದ್ರಿಸ್ 1971ರಲ್ಲಿ ಒಂದು ಸರಳ ಲೆಕ್ಕ ಮುಂದಿಟ್ಟರು. ಇಂದಿಗೂ ಅದರ ತಿದ್ದಿದ ರೂಪಗಳೇ ಬಳಕೆಯಲ್ಲಿವೆ. ಒಂದು ಕಡೆ ಕಂಪನ ಮಣ್ಣಿನ ಮೇಲೆ ಹಾಕುವ ಎಳೆತ. ಇನ್ನೊಂದು ಕಡೆ ಮಣ್ಣಿನ ತಾಳಿಕೆ. ತಾಳಿಕೆಯನ್ನು ತಿಳಿಯಲು ನೆಲದಲ್ಲಿ ರಂಧ್ರ ಕೊರೆದು, 63.5 ಕಿಲೋ ಸುತ್ತಿಗೆಯನ್ನು ಸುಮಾರು 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುತ್ತಾರೆ. ಆ ಎಣಿಕೆಗೆ ಎನ್ ಮೌಲ್ಯ ಎಂದು ಹೆಸರು. ಅದೇ 1971ರ ಫೆಬ್ರುವರಿಯಲ್ಲಿ ಲಾಸ್ ಏಂಜಲಿಸ್ ಬಳಿಯ ಲೋವರ್ ಸ್ಯಾನ್ ಫರ್ನಾಂಡೋ ಅಣೆಕಟ್ಟೆಯ ನೀರಿನ ಕಡೆಯ ಮೈ ಜರುಗಿ, ಕೆಳಗಿನ ಸುಮಾರು 80,000 ಜನರನ್ನು ತೆರವು ಮಾಡಬೇಕಾಯಿತು. ಅದು ಮಣ್ಣನ್ನು ನೀರಿನೊಡನೆ ಹರಿಸಿ ಕೂರಿಸಿದ ಕಟ್ಟೆ; ಬಿಗಿ ಮಾಡಿದ್ದಲ್ಲ. ಕಟ್ಟೆ ಎಷ್ಟು ದೂರ ಜರುಗೀತು ಎಂಬುದಕ್ಕೆ ನ್ಯೂಮಾರ್ಕ್ 1965ರಲ್ಲೇ ಒಂದು ಮಾದರಿ ಕೊಟ್ಟಿದ್ದ. ಮುಂದೆ ಗಣಕಯಂತ್ರ ಬಂದಂತೆ ಬಯೋ ಮತ್ತು ಜಿಯೆಂಕೀವಿಚ್ ಹಾಕಿದ ದಾರಿಯಲ್ಲಿ ಮಣ್ಣಿನ ಚಲನೆ, ನೀರಿನ ಹರಿವು ಎರಡನ್ನೂ ಒಟ್ಟಿಗೆ, ಕ್ಷಣಕ್ಷಣಕ್ಕೆ ಲೆಕ್ಕ ಹಾಕುವ ಮಾದರಿಗಳು ಬೆಳೆದವು. ಮಾದರಿ ಎಷ್ಟೇ ಸೂಕ್ಷ್ಮವಾದರೂ ಅದರ ಬೇರು ರಂಧ್ರ ಕೊರೆದು ಎಣಿಸಿದ ಆ ಪೆಟ್ಟುಗಳಲ್ಲೇ ಇದೆ.

ಇತ್ತ ದಖ್ಖನಿನಲ್ಲಿ 1967ರ ಡಿಸೆಂಬರ್ 11ರ ಬೆಳಗಿನ ಜಾವ ಮಹಾರಾಷ್ಟ್ರದ ಕೊಯ್ನಾ ನಡುಗಿತು. ತೀವ್ರತೆ ಸುಮಾರು 6.3, ಸತ್ತವರು ಸುಮಾರು 180. ಜಲಾಶಯ ತುಂಬಿದ ಕೆಲವೇ ವರ್ಷಗಳಲ್ಲಿ ಆದ ಈ ಕಂಪನ ಅಣೆಕಟ್ಟೆಯ ನೀರೇ ಕಂಪನಕ್ಕೆ ಚಾಲನೆ ಕೊಡಬಲ್ಲದು ಎಂಬುದಕ್ಕೆ ಜಗತ್ತಿನ ದೊಡ್ಡ ಉದಾಹರಣೆಯಾಯಿತು. ಅದುವರೆಗಿನ ಭೂಕಂಪ ನಕ್ಷೆಯಲ್ಲಿ ದಖ್ಖನಿನ ಬಹುಭಾಗ ಶೂನ್ಯ ವಲಯ. 1970ರ ಪರಿಷ್ಕರಣೆಯಲ್ಲಿ ಆ ಶೂನ್ಯವನ್ನೇ ತೆಗೆದುಹಾಕಲಾಯಿತು.

ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಅಣೆಕಟ್ಟೆ, ಅಂದರೆ ಬಸವಸಾಗರ, 1982ರಲ್ಲಿ ಪೂರ್ಣಗೊಂಡಿತು. ಅಂದಿನ ಸುರಪುರ, ಇಂದಿನ ಹುಣಸಗಿ ತಾಲೂಕಿನಲ್ಲಿರುವ ಈ ಕಟ್ಟೆಯ ಎತ್ತರ ಸುಮಾರು 29 ಮೀಟರ್, ಉದ್ದ 10 ಕಿ.ಮೀ. ಮೀರಿದ್ದು, ನಡುವೆ ಗೇಟುಗಳ ಕಲ್ಲುಕಟ್ಟಡ, ಎರಡೂ ಬದಿಗೆ ಉದ್ದಕ್ಕೆ ಮಣ್ಣಿನ ಏರಿ. ನಾರಾಯಣಪುರ ಎಡದಂಡೆ ಕಾಲುವೆ ಮತ್ತು ಅದರ ಶಾಖೆಗಳು ಸುರಪುರ, ಶಹಾಪುರಗಳ ಒಣ ಹೊಲಗಳಿಗೆ ನೀರು ತಂದವು. ಎರೆಯಲ್ಲಿ ಕಾಲುವೆ ತೋಡುವುದು ಸುಲಭದ ಕೆಲಸವಲ್ಲ. ಊದುವ ಮಣ್ಣು ಕಾಂಕ್ರೀಟ್ ಹೊದಿಕೆಯನ್ನು ಎತ್ತಿ ಒಡೆಯುತ್ತದೆ. ಮುಂಬಯಿ ಐಐಟಿಯ ಆರ್. ಕೆ. ಕಟ್ಟಿ 1970ರ ದಶಕದಲ್ಲಿ ಇದಕ್ಕೆ ಪರಿಹಾರ ಕಂಡುಹಿಡಿದರು: ಎರೆಯ ಮೇಲೆ ಊದದ, ಆದರೆ ಅಂಟುಳ್ಳ ಮಣ್ಣಿನ ಒಂದು ಪದರ ಹಾಕಿ, ಅದರ ಮೇಲೆ ಹೊದಿಕೆ ಕಟ್ಟುವುದು. ಮಲಪ್ರಭಾ ಕಾಲುವೆಗಳಲ್ಲಿ ಈ ವಿಧಾನ ನೆಲೆಗೊಂಡಿತು. ನೆಲದ ಚಲನೆಯನ್ನು ಅರ್ಥಮಾಡಿಕೊಂಡು ಅದಕ್ಕೆ ಹೊಂದಿ ಕಟ್ಟಿದ ಒಳ್ಳೆಯ ಉದಾಹರಣೆ ಇದು.

ಕಾಲುವೆ ತಂದ ಇನ್ನೊಂದು ಬದಲಾವಣೆ ಕಣ್ಣಿಗೆ ಬೇಗ ಬೀಳುವುದಿಲ್ಲ. ಭತ್ತಕ್ಕೆ ನಿಲ್ಲಿಸಿದ ನೀರು, ಕಾಲುವೆಯಿಂದ ಜಿನುಗಿದ ನೀರು ಕೆಳಗಿಳಿದು ಅಂತರ್ಜಲದ ಮಟ್ಟ ಮೇಲೇರಿತು. ತಗ್ಗಿನ ಹೊಲಗಳು ಸವಳು-ಜವಳಾದವು. ರೈತರಿಗೂ ಭೀಮರಾಯನಗುಡಿಯ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಗೂ ಇದು ಬೆಳೆಯ ಸಮಸ್ಯೆ, ಬಸಿಗಾಲುವೆಯ ಸಮಸ್ಯೆ. ಭೂಕಂಪದ ಲೆಕ್ಕದಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಇದೆ: ಹಳ್ಳದ ಪಕ್ಕದ ಒಣ ಉಸುಕಿಗೆ ನೀರು ತುಂಬಿತು.

1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪ ಆಯಿತು. ತೀವ್ರತೆ ಸುಮಾರು 6.2. ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಜನ ಎದ್ದು ಹೊರಬರಲಿಲ್ಲ. ಸತ್ತವರ ಸಂಖ್ಯೆ ಎಂಟು ಸಾವಿರದಿಂದ ಹತ್ತು ಸಾವಿರದವರೆಗೆ ಹೇಳಲಾಗುತ್ತದೆ. ಕಿಲ್ಲಾರಿಯಿಂದ ಯಾದಗಿರಿ, ಶಹಾಪುರಗಳಿಗೆ ನೇರ ದೂರ ಸುಮಾರು 150 ಕಿ.ಮೀ., ಸುರಪುರಕ್ಕೆ ಇನ್ನೂ ಸ್ವಲ್ಪ ಹೆಚ್ಚು. ಆಗಿನ ಗುಲ್ಬರ್ಗಾ ಜಿಲ್ಲೆಯ ಉದ್ದಗಲಕ್ಕೂ ನಡುಕ ಹರಿಯಿತು. ಕಿಲ್ಲಾರಿಯಲ್ಲಿ ನೆಲ ದ್ರವವಾಗಿ ಜನ ಸಾಯಲಿಲ್ಲ. ಎರಡಡಿ, ಮೂರಡಿ ದಪ್ಪದ, ಬರೀ ಮಣ್ಣಿನಲ್ಲಿ ಕೂರಿಸಿದ ಗುಂಡುಕಲ್ಲಿನ ಗೋಡೆಗಳು, ಮಾಳಿಗೆಯ ಮೇಲೆ ವರ್ಷವರ್ಷ ಹೇರಿದ ಮಣ್ಣಿನ ಭಾರ ಜನರನ್ನು ಕೊಂದವು. ಯಾದಗಿರಿ ಜಿಲ್ಲೆಯ ಹಳೆಯ ಜಂತಿ ಮನೆಗಳ ಕಟ್ಟಣೆಯೂ ಇದೇ ಜಾತಿಯದು. ಬೇಸಿಗೆಯ ಬಿಸಿಲಿಗೆ ಅವು ತಂಪು, ಅಲುಗಾಟಕ್ಕೆ ಅವು ಮಾರಕ.

ಕಿಲ್ಲಾರಿಯ ಹೊಲದಲ್ಲಿ ಎರೆಮಣ್ಣು ಉಬ್ಬಿ, ಮಡಿಚಿ, ಸಣ್ಣ ದಿಬ್ಬವಾಗಿ ಎದ್ದಿತ್ತು. ಆಳಕ್ಕೆ ಕೊರೆದಾಗ 338 ಮೀಟರ್ ಲಾವಾ ದಾಟಿ, ತೆಳುವಾದ ಜಲಜ ಪದರ ದಾಟಿ, ಪುರಾತನ ನೈಸ್ ಶಿಲೆ ಸಿಕ್ಕಿತು. ಯಾದಗಿರಿಯಲ್ಲಿ ಬಯಲಿಗೆ ಕಾಣುವ ಕಲ್ಲಿನ ಬಳಗವೇ ಅಲ್ಲಿ ಲಾವಾದ ಅಡಿಯಲ್ಲಿದೆ. ಹಳೆಯ ಶಿಲೆಯೊಳಗಿನ ಹಳೆಯ ಬಿರುಕು ಮತ್ತೆ ಜರುಗಬಲ್ಲದು ಎಂಬುದು ಕಿಲ್ಲಾರಿ ಕಲಿಸಿದ ವಿಷಯ. ಶಹಾಪುರ ತಾಲೂಕಿನ ಗೋಗಿ ಬಳಿ, ಯುರೇನಿಯಂ ನಿಕ್ಷೇಪದಿಂದ ಹೆಸರಾದ ಗೋಗಿ–ಕುರ್ಲಗೇರಿ ಸ್ತರಭಂಗವೂ ಅಂಥ ಹಳೆಯ ಸೀಳು. ಕಿಲ್ಲಾರಿಯ ನಂತರ ಸಿ. ಪಿ. ರಾಜೇಂದ್ರನ್ ಮತ್ತು ಕುಸಲಾ ರಾಜೇಂದ್ರನ್ ಪುರಾತನ ತೇರ್ ಪಟ್ಟಣದ ಅವಶೇಷಗಳ ಪದರಗಳಲ್ಲಿ ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದಿನ ಕಂಪನದ ಗುರುತು ಕಂಡರು. ಭೂಕಂಪದ ನೆನಪನ್ನು ಜನ ಮರೆತರೂ ಮಣ್ಣು ಇಟ್ಟುಕೊಂಡಿರುತ್ತದೆ. ಭೀಮಾ ದಂಡೆಯ ಹಳೆಯ ಮೆಕ್ಕಲಿನಲ್ಲೂ ಅದೇ ಬಗೆಯ ಹುಡುಕಾಟ ನಡೆಯಬೇಕು. 2002ರ ಭೂಕಂಪ ನಕ್ಷೆಯಲ್ಲಿ ಲಾತೂರು ಸೀಮೆ ಮೂರನೆಯ ವಲಯಕ್ಕೆ ಏರಿತು. ವಿಜಯಪುರ ಮೂರರಲ್ಲಿ, ಕಲಬುರಗಿ, ರಾಯಚೂರು ಎರಡರಲ್ಲಿ ಇದ್ದವು. ಯಾದಗಿರಿ ಸೀಮೆಯೂ ಎರಡರಲ್ಲೇ.

2001ರ ಜನವರಿ 26ರ ಭುಜ್ ಭೂಕಂಪ ಮಣ್ಣಿನ ಅಣೆಕಟ್ಟೆಗಳ ಬಗ್ಗೆ ನೇರ ಪಾಠ ಹೇಳಿತು. ಚಾಂಗ್, ಫತೇಗಢ, ಟಪ್ಪರ್, ರುದ್ರಮಾತಾ ಮೊದಲಾದ ಕಟ್ಟೆಗಳ ಅಡಿಯ ನೆನೆದ ಮೆಕ್ಕಲು ದ್ರವವಾಗಿ ಏರಿಗಳು ಬಿರಿದವು, ಕುಸಿದವು. ಬರಗಾಲದಿಂದ ಜಲಾಶಯಗಳಲ್ಲಿ ನೀರು ಬಹಳ ಕಡಿಮೆ ಇದ್ದದ್ದರಿಂದ ಮಾತ್ರ ಕೆಳಗಿನ ಊರುಗಳು ಉಳಿದವು.

ಈ ಎಲ್ಲದರ ಮೇಲೆ ಯಾದಗಿರಿ ಸೀಮೆಗೆ ಲೆಕ್ಕ ಹಾಕಿ ನೋಡಬಹುದು. ಕುರಿಬಯಾಶಿ ಮತ್ತು ತತ್ಸುವೋಕಾ 1975ರಲ್ಲಿ ಜಪಾನಿನ ಘಟನೆಗಳಿಂದ ಕೊಟ್ಟ ಸೂತ್ರದಂತೆ 6.2 ತೀವ್ರತೆಯ ಕಂಪನ ಕೇಂದ್ರದಿಂದ ಸುಮಾರು 15 ಕಿ.ಮೀ.ವರೆಗೆ ಉಸುಕನ್ನು ದ್ರವ ಮಾಡೀತು. ಕಿಲ್ಲಾರಿ ಇದರ ಹತ್ತು ಪಟ್ಟು ದೂರ. ಇನ್ನು ಕಂಪನ ಹತ್ತಿರವೇ ಆದರೆ? 2002ರ ನಕ್ಷೆಯ ಎರಡನೆಯ ವಲಯಕ್ಕೆ ಮಾನಕ ಸಂಹಿತೆ ಇಟ್ಟ ಅಂಕಿ ಗುರುತ್ವದ ಹತ್ತನೇ ಒಂದು ಭಾಗ, 0.10. ಐದು ಮೀಟರ್ ಆಳದ ಉಸುಕಿನಲ್ಲಿ ನೀರು ಒಂದೇ ಮೀಟರಿಗೆ ಸಿಗುವಂತಿದ್ದರೆ ಮೇಲಿನ ಒಟ್ಟು ಒತ್ತಡ ಚದರ ಮೀಟರಿಗೆ ಸುಮಾರು 95 ಕಿಲೋನ್ಯೂಟನ್, ನೀರಿನ ಪಾಲು ಕಳೆದರೆ 56. ಸೀಡ್–ಇದ್ರಿಸ್ ಲೆಕ್ಕದಲ್ಲಿ ಎಳೆತದ ಅನುಪಾತ ಸುಮಾರು 0.11. ಇಷ್ಟಕ್ಕೆ 7.5 ತೀವ್ರತೆಯ ದೀರ್ಘ ಕಂಪನದಲ್ಲಾದರೆ ತಿದ್ದಿದ ಎನ್ ಮೌಲ್ಯ ಒಂಬತ್ತು, ಹತ್ತಕ್ಕಿಂತ ಕಡಿಮೆಯಿರುವ ಶುದ್ಧ ಉಸುಕು ಸೋಲುತ್ತದೆ. ಕಿಲ್ಲಾರಿಯಷ್ಟು ತೀವ್ರತೆಯ, ಕಡಿಮೆ ಹೊತ್ತಿನ ಕಂಪನದಲ್ಲಿ ನಾಲ್ಕರ ಆಸುಪಾಸಿನ ಅತಿ ಸಡಿಲ ಉಸುಕು ಮಾತ್ರ. ನೀರು ಎಂಟು ಮೀಟರ್ ಆಳದಲ್ಲಿದ್ದರೆ ಅದೇ ಐದು ಮೀಟರಿನ ಉಸುಕು ದ್ರವವಾಗುವ ಪ್ರಶ್ನೆಯೇ ಇಲ್ಲ. ನೆಲ ಅದೇ, ಕಂಪನ ಅದೇ. ವ್ಯತ್ಯಾಸ ಮಾಡುವುದು ನೀರಿನ ಮಟ್ಟ.

ಆದ್ದರಿಂದ ಊರುಗಳ ಬಂಡೆ, ಗರಸು, ಎರೆಗಳ ಮೇಲೆ ದ್ರವೀಕರಣದ ಅಂಜಿಕೆಗೆ ಕಾರಣವಿಲ್ಲ. ಗಮನ ಬೇಕಿರುವುದು ಕೃಷ್ಣಾ, ಭೀಮಾ ಮತ್ತು ದೊಡ್ಡ ಹಳ್ಳಗಳ ದಂಡೆಯ ಉಸುಕಿನ ಪಟ್ಟಿಗಳಿಗೆ, ಅವುಗಳ ಮೇಲೆ ಬರುವ ಸೇತುವೆ ಮತ್ತು ಪಂಪ್‌ಹೌಸ್‌ಗಳಿಗೆ, ಕಾಲುವೆ ಏರಿಗಳು ಹಳ್ಳ ದಾಟುವ ಕಡೆಗಳಿಗೆ, ಹಳೆಯ ಕೆರೆಗಳ ಜಿನುಗುವ ಬುಡಕ್ಕೆ. ದೊಡ್ಡ ಅಪಾಯ ಇಂದಿಗೂ ಜಂತಿ ಮನೆಗಳ ಗೋಡೆಯಲ್ಲೇ ಇದೆ. ನೆರೆಯ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ 2021ರ ಅಕ್ಟೋಬರ್‌ನಲ್ಲಿ ನೆಲದಡಿಯ ಸದ್ದಿನೊಡನೆ ಕಂಪನಗಳು ಸಾಲಾಗಿ ಬಂದಾಗ, ಅವುಗಳಲ್ಲಿ ದೊಡ್ಡದರ ತೀವ್ರತೆ ನಾಲ್ಕರ ಆಸುಪಾಸು ಮಾತ್ರ ಇದ್ದರೂ, ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. ಗೋಡೆಯ ಮೇಲೆ ನಂಬಿಕೆ ಇರಲಿಲ್ಲ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಜಲಾಶಯಗಳ ಆಸುಪಾಸಿನಲ್ಲಿ ಕಂಪನಮಾಪಕಗಳನ್ನು ನಡೆಸುತ್ತಿದೆ. 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ 30 ಮೀಟರ್ ಮತ್ತು ಹೆಚ್ಚು ಎತ್ತರದ ಕಟ್ಟೆಗಳಿಗೆ ಕಂಪನ ಕೇಂದ್ರ ಕಡ್ಡಾಯ ಮಾಡಿದೆ. ನಾರಾಯಣಪುರದ ಎತ್ತರ ಆ ಗೆರೆಯ ಕೆಳಗೇ ನಿಲ್ಲುತ್ತದೆ. ಆದರೂ ಹತ್ತು ಕಿಲೋಮೀಟರ್ ಏರಿಯ ಕಟ್ಟೆಯನ್ನು ಒಂದು ಮೀಟರಿನ ಲೆಕ್ಕದಿಂದ ಹೊರಗಿಡುವುದು ಸರಿಯಲ್ಲ. ಬೆಂಗಳೂರು ನಗರಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ಜಿ. ಸೀತಾರಾಂ, ಪಿ. ಅನ್ಬಳಗನ್ ಮತ್ತು ಸಂಗಡಿಗರು ನೂರಾರು ಕೊಳವೆರಂಧ್ರಗಳ ದಾಖಲೆ ಕೂಡಿಸಿ ದ್ರವೀಕರಣದ ನಕ್ಷೆ ಮಾಡಿದರು. ಯಾದಗಿರಿಯಲ್ಲೂ ಕಾಲುವೆ, ಸೇತುವೆ, ರೈಲು, ಕಡೇಚೂರಿನ ಕೈಗಾರಿಕಾ ಪ್ರದೇಶ ಇವುಗಳಿಗಾಗಿ ಕೊರೆದ ರಂಧ್ರಗಳ ಎನ್ ಮೌಲ್ಯಗಳು ಆಯಾ ಕಚೇರಿಗಳ ಕಡತಗಳಲ್ಲಿ ಇರಲೇಬೇಕು. ಅವನ್ನು ಒಂದೆಡೆ ಕೂಡಿಸಿ, ಅಂತರ್ಜಲದ ಮಟ್ಟದೊಡನೆ ಹೊಂದಿಸಿ ಜಿಲ್ಲೆಯ ನಕ್ಷೆ ಬರೆಯುವುದು, ಬಸಿಗಾಲುವೆಗಳನ್ನು ತೆರೆದಿಡುವುದು, ಜಂತಿ ಮನೆಗಳ ಮಾಳಿಗೆಯ ಭಾರ ಇಳಿಸಿ ಗೋಡೆಗೆ ಅಡ್ಡಪಟ್ಟಿ ಕಟ್ಟಿಸುವುದು ಈ ಮೂರೂ ಜಿಲ್ಲಾಡಳಿತ ಇಂದೇ ಕೈಗೆತ್ತಿಕೊಳ್ಳಬೇಕಾದ ಕೆಲಸಗಳು.